ಕಸದ ಜೊತೆ ತಂಬೂರಿಯನ್ನೂ ಗುಡಿಸಿದವರು

ಹಳೆಯ ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಇಳಿಸಿ, ಮನೆಯ ಮೂಲೆಮೂಲೆಗೂ ಸ್ಪೀಕರ್ ಇಟ್ಟು ಕೇಳುವವರನ್ನು ನಮ್ಮಲ್ಲಿ ಸಂಗೀತ ಉಳಿಸಿದ ಪುಣ್ಯಾತ್ಮರು ಎನ್ನುವುದು ವಾಡಿಕೆ. ಇಳಿಸಿದ ಕೆಲಸಕ್ಕೆ ಆ ಮಾತು ಸಲ್ಲಲಿ. ಇಳಿಸಿದ ಮೇಲೆ ಮಾಡುವ ‘ಸ್ವಚ್ಛತೆ’ಗೆ ಸಲ್ಲದು.

ನರಗುಂದದ ಗೆಳೆಯರೊಬ್ಬರ ಮನೆಯಲ್ಲಿ ಒಂದು ಸಂಜೆ ಕೂತಿದ್ದೆ. 60 ನಿಮಿಷದ 300 ಕ್ಯಾಸೆಟ್ ಒಂದೇ ಹಾರ್ಡ್ ಡಿಸ್ಕಿನಲ್ಲಿ. ಮೊಬೈಲ್ ಒತ್ತಿದರೆ ಪಡಸಾಲೆಯಲ್ಲೂ ಹಾಡು, ಅಡಿಗೆಮನೆಯಲ್ಲೂ ಹಾಡು. (ನಡುವಿನ ಹೊಸ್ತಿಲ ಮೇಲೆ ನಿಂತರೆ ತಬಲಾದ ಒಂದು ಪೆಟ್ಟು ಎರಡಾಗಿ ಕೇಳುತ್ತಿತ್ತು, ಇರಲಿ.) ಧಾರವಾಡ ಆಕಾಶವಾಣಿಯಿಂದ ಎಂದೋ ತುಂಬಿಕೊಂಡಿದ್ದ ಪೂರಿಯಾ ರಾಗ ಹಚ್ಚಿದರು. ಸುಂಯ್ ಎನ್ನುವ ಟೇಪಿನ ಸದ್ದು ಒಂದಿಷ್ಟೂ ಇಲ್ಲ. ತಂಬೂರಿಯೂ ಇಲ್ಲ. ಗಾಯಕರು ಉಸಿರೆಳೆದುಕೊಂಡಾಗಲೆಲ್ಲ ಹಿಂದೆ ಪಾಳುಬಾವಿಯ ಮೌನ. ಮತ್ತೆ ಸ್ವರ ಹಚ್ಚಿದರೆ ತಂಬೂರಿ ಗುಳುಗುಳು ಎಂದು ತಲೆಯೆತ್ತಿ ಮುಳುಗುವುದು.

ಇದು ಆದ ಬಗೆ ಹೀಗೆ. ಆಡಾಸಿಟಿಯಂಥ ತಂತ್ರಾಂಶಕ್ಕೆ ಮೊದಲು ಬರೀ ಗದ್ದಲವಿರುವ ಒಂದು ತುಣುಕು ತೋರಿಸಬೇಕು. ಅದರಲ್ಲಿ ಯಾವ ಕಂಪನ ಎಷ್ಟು ಜೋರು ಎಂದು ಅದು ಲೆಕ್ಕ ಹಿಡಿದು, ಹಾಡಿನುದ್ದಕ್ಕೂ ಆ ಮಟ್ಟಕ್ಕಿಂತ ಮೇಲೇಳದ್ದನ್ನೆಲ್ಲ ಅದುಮುತ್ತದೆ. ಗೆಳೆಯರು ಹಾಡು ಶುರುವಾಗುವ ಮುಂಚಿನ ನಾಲ್ಕು ಸೆಕೆಂಡು ತೋರಿಸಿದ್ದಾರೆ. ಆದರೆ ನಮ್ಮ ಬೈಠಕ್ಕಿನಲ್ಲಿ ಹಾಡು ಶುರುವಾಗುವ ಮುಂಚೆ ಇರುವುದು ತಂಬೂರಿ! ಯಂತ್ರದ ತಪ್ಪೇನಿದೆ, ಕಸ ಎಂದು ತೋರಿಸಿದ್ದನ್ನು ಗುಡಿಸಿತು. ಆ ನಾಲ್ಕು ತಂತಿಗಳ ಕೆಳಗೆ ಒಂದೊಂದು ಎಳೆ ದಾರ ಸರಿಸಿ, ಕಿವಿಗೊಟ್ಟು, ಮತ್ತೆ ಸರಿಸಿ ಜವಾರಿ ಕೂಡಿಸುವುದು ಎಂಥ ಕೆಲಸವೆಂದು ಕೂಡಿಸಿದವರಿಗೇ ಗೊತ್ತು. ಒಂದು ತಂತಿಯಿಂದ ಹತ್ತು ದನಿ ಏಳುವುದು ಆ ದಾರದಿಂದ. ಜವಾರಿ ಬೀಜ, ಜವಾರಿ ಆಕಳು ಎಂದು ಹುಡುಕಿಕೊಂಡು ಹೋಗುವ ಜನ ನಾವು. ತಂಬೂರಿಯ ಜವಾರಿಯನ್ನು ಮೌಸಿನ ಒಂದು ಒತ್ತಿಗೆ ಕಳೆದುಕೊಂಡೆವು. ಹೋಗುವಾಗ ಅದು ಸ್ವರದಿಂದ ಸ್ವರಕ್ಕೆ ಜಾರುವ ಮೀಂಡಿನ ತುದಿಯನ್ನೂ ಕರೆದುಕೊಂಡು ಹೋಯಿತು. ನಿರೂಪಕರ ಮಾತನ್ನಂತೂ ಗೆಳೆಯರೇ ಕತ್ತರಿಸಿದ್ದಾರೆ. ಹಾಗಾಗಿ ಆ ಎರಡೆರಡು ಪೆಟ್ಟಿನ ತಬಲಾ ಯಾರದೆಂದು ಇನ್ನು ಹೇಳುವವರಿಲ್ಲ.

ಇಷ್ಟು ಹೇಳಿದರೆ ಬೈಠಕ್‌ವಾದಿ ವಿಮರ್ಶಕರು ಖುಷಿಯಾಗುತ್ತಾರೆ. ಎದುರು ಕೂತು ಕೇಳಿದ್ದಷ್ಟೇ ಸಂಗೀತ, ಉಳಿದದ್ದು ನೆರಳು ಎಂಬುದು ಅವರ ಹಳೆಯ ಪಲ್ಲವಿ. ಅವರು ಒಮ್ಮೆ ರೋಣಕ್ಕೆ ಬರಲಿ. 1922ರಲ್ಲಿ ಇಲ್ಲಿ ಹುಟ್ಟಿದ ಭೀಮಸೇನ ಜೋಶಿ ಹನ್ನೊಂದರ ವಯಸ್ಸಿಗೆ ಗುರುವನ್ನು ಹುಡುಕಿ ಮನೆ ಬಿಟ್ಟರಲ್ಲ, ಅದಕ್ಕೆ ಕಾರಣವೆಂದು ಎಲ್ಲರೂ ಹೇಳುವುದು ಯಾವ ಬೈಠಕ್ಕನ್ನೂ ಅಲ್ಲ, ಅಬ್ದುಲ್ ಕರೀಂ ಖಾನರ ಝಿಂಝೋಟಿ ಠುಮರಿಯ ಪ್ಲೇಟನ್ನು. ಒಂದು ಮಗ್ಗುಲಿಗೆ ಮೂರೇ ನಿಮಿಷ, ಮುಳ್ಳಿನ ಕರಕರ ಬೇರೆ. ಆ ಹುಡುಗ ಕೊನೆಗೆ ಕುಂದಗೋಳದಲ್ಲಿ ಖಾನಸಾಹೇಬರ ಶಿಷ್ಯ ಸವಾಯಿ ಗಂಧರ್ವರ ಬಳಿ ಕಲಿಯಲು ನಿಂತ. ನೆರಳು ಇಷ್ಟು ದೂರ ನಡೆಸುವುದಾದರೆ ನನಗೆ ನೆರಳೇ ಸಾಕು. ಇದೇ ಕಥೆ ಸ್ವಚ್ಛತೆಯವರಿಗೂ ಉತ್ತರ: ಕರಕರ ಯಾರ ದಾರಿಗೂ ಅಡ್ಡ ನಿಂತಿಲ್ಲ.

ಗುಡಿಸದ ಮೂಲವನ್ನೂ ಯಾಕೆ ಇಟ್ಟುಕೊಳ್ಳಲಿಲ್ಲ ಎಂದರೆ ಗೆಳೆಯರು ಜಾಗದ ನೆವ ಹೇಳಿದರು. ಲೆಕ್ಕ ಹಾಕಿದೆವು. ಸಿಡಿ ಮಟ್ಟದಲ್ಲಿ ಏನೂ ತೆಗೆಯದೆ ಇಟ್ಟರೆ ನಿಮಿಷಕ್ಕೆ ಸುಮಾರು 10.6 ಎಂಬಿ; 300 ಗಂಟೆಗೆ ಸುಮಾರು 190 ಜಿಬಿ. ಏನೂ ಕಳೆಯದೆ ಕುಗ್ಗಿಸುವ ಫ್ಲಾಕ್‌ನಲ್ಲಿಟ್ಟರೆ ಹೆಚ್ಚುಕಡಿಮೆ ಅದರ ಅರ್ಧ. ಅವರ ಡಿಸ್ಕು 1 ಟಿಬಿಯದು.

‘ಹಾಗಾದರೆ ಮತ್ತೊಮ್ಮೆ ಇಳಿಸೋಣ, ಕ್ಯಾಸೆಟ್ ತೆಗೀರಿ’ ಎಂದೆ.

‘ಗುಜರಿಯವನಿಗೆ ಹಾಕಿದೆನ್ರೀ, ದೀಪಾವಳಿಗೆ ಮನೆ ಸ್ವಚ್ಛ ಮಾಡುವಾಗ’ ಎಂದರು.