ಕಣ್ಣಿನ ನಡೆ ಮತ್ತು ಸಹೃದಯನ ನಡೆ

ಕಥೆಯು ಓದುಗನ ಮನಸ್ಸಿನಲ್ಲಿ ಹೇಗೆ ಅರ್ಥವಾಗಿ ಪರಿಣಮಿಸುತ್ತದೆ ಎಂಬುದು ಕಾವ್ಯಮೀಮಾಂಸೆಯ ಹಳೆಯ ಪ್ರಶ್ನೆ. ಮುಂಬಯಿಯ ಪೊವಾಯಿಯಲ್ಲಿರುವ ಐಐಟಿಯ ವಿದ್ವಾಂಸರು ಇದಕ್ಕೆ ತೀರ ಸಮೀಪದ ಪ್ರಶ್ನೆಯೊಂದನ್ನು ಗಣಕಯಂತ್ರದ ಮುಂದಿಟ್ಟಿದ್ದಾರೆ. ಅಭಿಜಿತ್ ಮಿಶ್ರಾ, ದಿಪ್ತೇಶ್ ಕನೋಜಿಯಾ, ಪುಷ್ಪಕ್ ಭಟ್ಟಾಚಾರ್ಯ ಇವರು 2016ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 7 ಮಂದಿ ಓದುಗರು ಇಂಗ್ಲಿಷಿನ 1000 ಕಿರುಬರಹಗಳನ್ನು ಓದಿದರು. ಅವುಗಳಲ್ಲಿ 350 ಕೊಂಕುಮಾತುಗಳು. ಕಣ್ಣು ಎಲ್ಲಿ ನಿಂತಿತು, ಎಷ್ಟು ಹೊತ್ತು ನಿಂತಿತು, ಯಾವ ಪದಕ್ಕೆ ಮರಳಿತು ಎಂಬುದನ್ನು ಉಪಕರಣವು ದಾಖಲಿಸಿತು. ಆ ಚಲನೆಯಿಂದಲೇ ಓದುಗನು ಕೊಂಕನ್ನು ಗ್ರಹಿಸಿದನೋ ಇಲ್ಲವೋ ಎಂದು ಊಹಿಸುವ ಗಣಕಮಾದರಿಯೊಂದು ಸಿದ್ಧವಾಯಿತು.

ಆಲಂಕಾರಿಕರ ಶಿಷ್ಯರಿಗೆ ಇದು ಅಪರಿಚಿತವಲ್ಲ. ಮುಖ್ಯಾರ್ಥಕ್ಕೆ ಬಾಧೆ ಬಂದಾಗ ಬುದ್ಧಿಯು ಬೇರೊಂದು ಅರ್ಥವನ್ನು ಅರಸುತ್ತದೆ ಎಂಬುದು ಲಕ್ಷಣಾವೃತ್ತಿಯ ತಿರುಳು. ಪದಗಳು ಒಂದಕ್ಕೊಂದು ಹೊಂದದೆ ಹೋದಾಗ ಕಣ್ಣು ಹಿಂದಕ್ಕೆ ಸರಿಯುವುದು ಆ ಬಾಧೆಯ ದೃಶ್ಯರೂಪವೇ ಸರಿ. ಇಷ್ಟರಮಟ್ಟಿಗೆ ಈ ಪ್ರಯೋಗವು ಆದರಣೀಯ.

ಆದರೆ ಕಿರುಬರಹದಲ್ಲಿ ಬಾಧೆಯೂ ಪರಿಹಾರವೂ ಒಂದೇ ನೋಟದಲ್ಲಿವೆ, ಕಥೆಯಲ್ಲಿ ಹಾಗಲ್ಲ. ಯಶವಂತ ಚಿತ್ತಾಲರ 'ಶಿಕಾರಿ'ಯನ್ನು (1979) ನೋಡಬಹುದು. ಮುಂಬಯಿಯ ಕಂಪೆನಿಯೊಂದರಲ್ಲಿ ಕೆಲಸದಿಂದ ಅಮಾನತುಗೊಂಡ ನಾಗಪ್ಪ ತನ್ನ ಸುತ್ತ ಹೆಣೆದ ಸಂಚಿನ ಜಾಡನ್ನು ಹುಡುಕುತ್ತಾನೆ. ಅದು ನಿಜವಾದ ಸಂಚೆಷ್ಟು, ಅವನ ಭಯದ ಸೃಷ್ಟಿಯೆಷ್ಟು ಎಂಬ ಸಂಶಯದಲ್ಲಿ ಓದುಗನೂ ಬೇಟೆಗಾರನಾಗುತ್ತಾನೆ. ಆಗ ಎಂದೋ ದಾಟಿ ಬಂದ ಪುಟದ ಮಾತು ಹೊಸ ಅರ್ಥವನ್ನು ತಳೆಯುತ್ತದೆ. ಅಲ್ಲಿ ಹಿಂದಿರುಗುವುದು ಸ್ಮೃತಿ. ಕಣ್ಣು ಮುಂದಿನ ಸಾಲಿನಲ್ಲಿಯೇ ಇರುತ್ತದೆ. ಆ ಮರಳುವಿಕೆಯನ್ನು ಕಣ್ಣಿನ ಲೆಕ್ಕವೊಂದೇ ತೋರಿಸಲಾರದು.

ಹೊರನಾಡ ಕನ್ನಡಿಗರಿಗೆ ಈ ಭೇದವು ಕೇವಲ ಶಾಸ್ತ್ರಚರ್ಚೆಯಲ್ಲ. ಮರಾಠಿಯಲ್ಲಿಯೋ ಇಂಗ್ಲಿಷಿನಲ್ಲಿಯೋ ಓದಿ ಬೆಳೆದ ತರುಣನ ಕಣ್ಣು ಉತ್ತರ ಕನ್ನಡದ ನುಡಿಯೊಂದರ ಬಳಿ ತಡೆಯುತ್ತದೆ. ನುರಿತ ಓದುಗನ ಕಣ್ಣೂ ಅಲ್ಲಿಯೇ ತಡೆಯಬಹುದು. ಮೊದಲನೆಯದು ಲಿಪಿಯ ತೊಡಕು, ಎರಡನೆಯದು ಧ್ವನಿಯ ಆಸ್ವಾದ. ಕ್ಷಣಗಳ ಎಣಿಕೆಯಲ್ಲಿ ಎರಡೂ ಒಂದೇ ಆಗಿ ತೋರಬಹುದು. ಅಷ್ಟೇ ಅಲ್ಲ, ಇಂದು ತೊಡಕಿನಿಂದ ನಿಂತ ಕಣ್ಣು ನಾಳೆ ಆಸ್ವಾದದಿಂದ ನಿಲ್ಲಲೂ ಸಾಧ್ಯ.

ಆದುದರಿಂದ ಇಂಥ ಮಾದರಿಗಳನ್ನು ಕನ್ನಡ ಕಥೆಗಳಿಗೂ ಅನ್ವಯಿಸುವುದು ಇಷ್ಟವೇ. ಅದಕ್ಕೆ ನಿಡಿದಾದ ಕಥೆಗಳು ಬೇಕು, ಬಗೆಬಗೆಯ ಓದುಗರು ಬೇಕು, ಅವರಿಂದ ಓದಿನ ತರುವಾಯದ ಮಾತೂ ಬೇಕು. ಕಣ್ಣು ಎಲ್ಲಿ ನಿಂತಿತೆಂದು ಯಂತ್ರ ಹೇಳಲಿ. ಏಕೆ ನಿಂತಿತೆಂದು ಓದಿದವನನ್ನೇ ಕೇಳಬೇಕು.