ಹಾಳೂರಿನ ಫೋಟೊದಲ್ಲಿ ಯಾರಿಲ್ಲ?

ಅಮೆರಿಕದ ಹುಲ್ಲುಬಯಲಿನ ಹಾಳೂರುಗಳ ಫೋಟೊಗಳನ್ನು ನೀವೂ ನೋಡಿರ್ತೀರಿ. ಒಂದು ಕಡೆಗೆ ವಾಲಿದ ಮರದ ಚರ್ಚು, ಗಾಜಿಲ್ಲದ ಕಿಟಕಿ, ಹಿಂದೆ ಕಪ್ಪು ಮೋಡ. ಮನುಷ್ಯರ ಸುಳಿವಿಲ್ಲ. ನೆಬ್ರಾಸ್ಕಾದಲ್ಲಿ ಕಾರು ಓಡಿಸಿಕೊಂಡು ಹೋಗಿ ಇಂಥ ಊರುಗಳ ಚಿತ್ರ ತೆಗೆಯೋಣ ಅಂತ ಯೋಜನೆ ಹಾಕ್ತಾ ಕೂತವನು ಇಂಥವನ್ನು ನೂರಾರು ನೋಡಿದೆ. ನೋಡಿದಷ್ಟೂ ತಕರಾರು ಹೆಚ್ಚಾಯಿತು. ಚಂದಕ್ಕೇನೂ ಕೊರತೆಯಿಲ್ಲ. ಆದರೆ ಊರು ಯಾಕೆ ಖಾಲಿಯಾಯಿತು ಅಂತ ಈ ಚಿತ್ರಗಳು ಕೇಳೋದೇ ಇಲ್ಲ. ಎಲ್ಲಾ ಕಾಲದ ಮಹಿಮೆ ಅಂದುಬಿಟ್ಟರೆ ಮಾತು ಮುಗೀತು.

ಊರು ಖಾಲಿಯಾಗೋದರ ಹಿಂದೆ ಲೆಕ್ಕಾಚಾರ ಇರುತ್ತೆ. 1862ರ ಹೋಮ್‌ಸ್ಟೆಡ್ ಕಾಯ್ದೆ ಪ್ರಕಾರ 160 ಎಕರೆಯಲ್ಲಿ ಐದು ವರ್ಷ ನೆಲೆಸಿ ಉತ್ತು ಬಿತ್ತಿದರೆ ಜಮೀನು ನಿಮ್ಮದು. ಮಳೆ ಕಡಿಮೆಯಿರುವ ಪಶ್ಚಿಮ ನೆಬ್ರಾಸ್ಕಾದಲ್ಲಿ ಅಷ್ಟು ನೆಲ ಹೊಟ್ಟೆ ತುಂಬಿಸಲಿಲ್ಲ. 1904ರಲ್ಲಿ ಕಿಂಕೇಡ್ ಕಾಯ್ದೆ ತಂದು ಅಲ್ಲಿಗೆ 640 ಎಕರೆ ಮಾಡಬೇಕಾಯಿತು. ಎಷ್ಟೋ ಊರುಗಳನ್ನು ಹುಟ್ಟಿಸಿದ್ದು ರೈಲು ಕಂಪನಿಗಳು. ಲಿಂಕನ್ ನಗರದಿಂದ ಪಶ್ಚಿಮಕ್ಕೆ ಬರ್ಲಿಂಗ್ಟನ್ ರೈಲುದಾರಿಯ ಊರುಗಳನ್ನು ನೋಡಿ: ಕ್ರೀಟ್, ಡಾರ್ಚೆಸ್ಟರ್, ಎಕ್ಸೆಟರ್, ಫೇರ್‌ಮಾಂಟ್, ಗ್ರಾಫ್ಟನ್, ಹಾರ್ವರ್ಡ್. ಇಂಗ್ಲಿಷಿನ ಸಿ, ಡಿ, ಇ, ಎಫ್, ಜಿ, ಎಚ್! ಹೆಸರಿಟ್ಟದ್ದು ಕಚೇರಿಯ ಮೇಜಿನ ಮೇಲೆ. ರೈತ ಕುದುರೆಗಾಡಿಯಲ್ಲಿ ಧಾನ್ಯ ತಂದು ಮಾರಿ ಅದೇ ದಿನ ಮನೆ ಸೇರುವಷ್ಟು ದೂರದಲ್ಲಿ ಒಂದೊಂದು ನಿಲ್ದಾಣ. ಲಾರಿ ಬಂದ ಮೇಲೆ ಅಷ್ಟು ಹತ್ತಿರ ಹತ್ತಿರ ಊರುಗಳು ಬೇಕಾಗಲಿಲ್ಲ. ದೊಡ್ಡ ಟ್ರ್ಯಾಕ್ಟರ್ ಬಂದ ಮೇಲೆ ಅಷ್ಟೊಂದು ರೈತರೂ ಬೇಕಾಗಲಿಲ್ಲ. ಮಕ್ಕಳಿಲ್ಲದೆ ಶಾಲೆ ಮುಚ್ಚಿತು, ಗಿರಾಕಿಗಳಿಲ್ಲದೆ ಅಂಗಡಿ. ಸುತ್ತ ಹೊಲದಲ್ಲಿ ಮಾತ್ರ ಇವತ್ತಿಗೂ ಮೆಕ್ಕೆಜೋಳ ಆಳೆತ್ತರ ನಿಲ್ಲುತ್ತೆ. ಫೋಟೊಗ್ರಾಫರ್ ಹೊಲಕ್ಕೆ ಬೆನ್ನು ಹಾಕಿ ಚರ್ಚಿನ ಕಡೆ ಕ್ಯಾಮೆರಾ ಹಿಡೀತಾನೆ. ಊರು ಬರಿದಾದ ಕಾರಣ ಅವನ ಬೆನ್ನ ಹಿಂದೆಯೇ ಇದೆ.

ಇದೇ ಬಯಲನ್ನು ಬೇರೆ ಥರ ನೋಡಿದವರಿದ್ದಾರೆ. ಸಾಲೊಮನ್ ಬುಚರ್ 1886ರಿಂದ ಕಸ್ಟರ್ ಕೌಂಟಿಯಲ್ಲಿ ಹೊಸದಾಗಿ ನೆಲೆಸಿದವರ ಚಿತ್ರ ತೆಗೆದ. ಹುಲ್ಲುಬೇರಿನ ಮಣ್ಣುಹೆಂಟೆ ಪೇರಿಸಿ ಕಟ್ಟಿದ ಮನೆ, ಮುಂದೆ ಇಡೀ ಸಂಸಾರ, ಕುದುರೆ, ಹಸು. ಒಂದು ಮನೆಯವರಂತೂ ತಮ್ಮ ಆರ್ಗನ್ ವಾದ್ಯವನ್ನೇ ಬಯಲಿಗೆ ತಂದಿಟ್ಟುಕೊಂಡು ನಿಂತಿದ್ದಾರೆ. ನೆಬ್ರಾಸ್ಕಾದಲ್ಲೇ ಹುಟ್ಟಿದ ಕಾದಂಬರಿಕಾರ ರೈಟ್ ಮಾರಿಸ್ 1948ರಲ್ಲಿ ‘ದಿ ಹೋಮ್ ಪ್ಲೇಸ್’ ತಂದ. ಅವನ ಚಿತ್ರಗಳಲ್ಲೂ ಹೆಚ್ಚಾಗಿ ಮನುಷ್ಯರಿಲ್ಲ. ಆದರೆ ಬಾಗಿಲ ಪಕ್ಕದ ಮರದ ಕುರ್ಚಿ ನೋಡಿದರೆ ಯಾರೋ ಈಗಷ್ಟೇ ಎದ್ದು ಹೋದ ಹಾಗಿದೆ. ಪ್ರತಿ ಚಿತ್ರದ ಎದುರು ಪುಟದಲ್ಲಿ ಕಥೆಯೂ ಇದೆ. ಇವತ್ತಿನ ಹಾಳೂರಿನ ಫೋಟೊಗಳಲ್ಲಿ ಕುರ್ಚಿ ಸಿಗುತ್ತೆ, ಕೂತವರ ಸುದ್ದಿ ಸಿಗೋಲ್ಲ.

ನಮ್ಮ ಕಂದಾಯ ದಾಖಲೆಗಳಲ್ಲಿ ಜನವಸತಿಯಿಲ್ಲದ ಊರಿಗೆ ಬೇಚರಾಕ್ ಗ್ರಾಮ ಅಂತಾರೆ. ಮೂಲ ಪಾರ್ಸಿ, ದೀಪವಿಲ್ಲದ್ದು ಅಂತ ಅರ್ಥ. ಎಂಥ ಖಚಿತವಾದ ಮಾತು! ದೀಪ ಹಚ್ಚೋರು ಒಬ್ಬರಿದ್ದರೂ ಊರು ಬೇಚರಾಕ್ ಅಲ್ಲ. ನೆಬ್ರಾಸ್ಕಾದ ಮೊನೊವೈಯಲ್ಲಿ 2010ರ ಜನಗಣತಿಯ ಪ್ರಕಾರ ಇದ್ದದ್ದು ಒಬ್ಬರೇ, ಒಬ್ಬ ವೃದ್ಧೆ. ಆಕೆಯೇ ಮೇಯರ್, ಆಕೆಯೇ ಗುಮಾಸ್ತೆ, ಊಟದಂಗಡಿಯ ಒಡತಿಯೂ ಆಕೆಯೇ. ಜೊತೆಗೆ ತೀರಿಕೊಂಡ ಗಂಡನ ಪುಸ್ತಕಗಳ ಲೈಬ್ರರಿ. ಹಾಳೂರಿಗೆ ಉಳಿದವನೇ ಗೌಡ ಅನ್ನೋ ಗಾದೆಯನ್ನು ನಾವು ವ್ಯಂಗ್ಯಕ್ಕೆ ಬಳಸ್ತೀವಿ. ಅಲ್ಲಿ ಉಳಿದಾಕೆ ನಿಜಕ್ಕೂ ಗೌಡತಿ.

ಇನ್ನೂ ದೊಡ್ಡ ತಕರಾರೊಂದಿದೆ. ಆ ಬಯಲಿನಲ್ಲಿ ಚರ್ಚಿನ ಊರುಗಳಿಗಿಂತ ಮೊದಲು ಖಾಲಿಯಾದ ಊರುಗಳಿವೆ. ಪ್ಲ್ಯಾಟ್, ಲೂಪ್ ನದಿಗಳ ದಡದಲ್ಲಿ ಪಾನಿ ಬುಡಕಟ್ಟಿನವರು ಮಣ್ಣು ಹೊದಿಸಿದ ಗುಂಡನೆಯ ಮನೆಗಳಲ್ಲಿದ್ದು ಮೆಕ್ಕೆಜೋಳ ಬೆಳೀತಿದ್ದರು. 1870ರ ದಶಕದಲ್ಲಿ ಅವರು ಊರು ಬಿಟ್ಟು ಇಂದಿನ ಓಕ್ಲಹೋಮಾಕ್ಕೆ ಹೋಗಬೇಕಾಯಿತು. ಅವರ ನೆಲವಾಗಿದ್ದ ಜೆನೋವಾದಲ್ಲೇ 1884ರಿಂದ 1934ರವರೆಗೆ ಬೇರೆ ಬೇರೆ ಬುಡಕಟ್ಟುಗಳ ಮಕ್ಕಳನ್ನು ಮನೆಯಿಂದ ದೂರವಿಟ್ಟು ಓದಿಸುವ ಸರ್ಕಾರಿ ವಸತಿಶಾಲೆ ನಡೆಯಿತು. ಮಣ್ಣಿನ ಮನೆ ಮಣ್ಣಿಗೆ ಸೇರಿತು, ಮರದ ಚರ್ಚು ಕ್ಯಾಮೆರಾಕ್ಕೆ ಸಿಕ್ಕಿತು. ನಾನು ನೋಡಿದ ಆಲ್ಬಮ್ಮುಗಳಲ್ಲಿ ಎರಡನೇ ಹಾಳೂರು ಮಾತ್ರ ಇದೆ.

ಹಾಗಾಗಿ ನನ್ನ ಪಟ್ಟಿ ಹೀಗಿದೆ. ಮೊದಲು ಬಿಯಾಟ್ರಿಸ್ ಹತ್ತಿರದ ಹೋಮ್‌ಸ್ಟೆಡ್ ರಾಷ್ಟ್ರೀಯ ಉದ್ಯಾನ, ಆಮೇಲೆ ಅಕ್ಷರಮಾಲೆಯ ಊರುಗಳು, ಜೆನೋವಾ, ಕೊನೆಗೆ ಮೊನೊವೈ. ಪೆಟ್ರೋಲ್ ಸಿಕ್ಕಲ್ಲೇ ತುಂಬಿಸಿಕೊಳ್ಳಬೇಕು, ಮಳೆ ಬಂದರೆ ಮಣ್ಣುರಸ್ತೆಗೆ ಇಳಿಯಬಾರದು. ಪಾಳುಮನೆಗೂ ಮಾಲೀಕರಿರ್ತಾರೆ, ಕೇಳದೆ ಒಳಗೆ ಕಾಲಿಡಬಾರದು. ಕೇಳೋಕೆ ಹೋದರೆ ಮಾತಿಗೊಬ್ಬರು ಸಿಗ್ತಾರೆ, ಅದು ಲಾಭ. ಯಾರಿದ್ದರು, ಯಾಕೆ ಹೋದರು, ಈಗ ಜಮೀನು ಯಾರದು? ಇವಕ್ಕೆ ಉತ್ತರ ಸಿಗದ ಚಿತ್ರ ಎಷ್ಟೇ ಚೆನ್ನಾಗಿ ಬಂದಿದ್ದರೂ ಯಾರಿಗೂ ತೋರಿಸೋಲ್ಲ. ಜೆನೋವಾದ ಸುತ್ತ ಬರೀ ಹೊಲವೇ ಸಿಕ್ಕರೆ ಹೊಲವನ್ನೇ ತೆಗೆದು, ಕೆಳಗೆ ‘ಪಾನಿ ಜನರ ನೆಲ’ ಅಂತ ಬರೀತೀನಿ.