ಮುಸ್ಸಂಜೆಯ ಮದುವೆಚಿತ್ರ

ಜುರಾಲಾ ಜಲಾಶಯದ ದಂಡೆಯಲ್ಲಿಯೋ ಗದ್ವಾಲದ ಕೋಟೆಯ ಮುಂದೆಯೋ ವಧೂವರರನ್ನು ನಿಲ್ಲಿಸಿ, ಕ್ಯಾಮೆರಾದ ನೆತ್ತಿಯಿಂದ ಇಳಿಸಿದ ಫ್ಲ್ಯಾಷನ್ನು ಸಹಾಯಕನ ಕೈಗಿತ್ತು, ಮುಸ್ಸಂಜೆಯ ಹೊತ್ತಿನಲ್ಲಿ ಪಾರ್ಶ್ವದಿಂದ ಬೆಳಕು ಚೆಲ್ಲಿಸಿ ತೆಗೆಯುವ ಭಾವಚಿತ್ರಗಳನ್ನು ಹೊಸಕಾಲದ ಶೋಕಿಯೆಂದು ತಳ್ಳಿಹಾಕುವುದು ಅನ್ಯಾಯವಾದೀತು. ಆ ಹೊತ್ತಿನಲ್ಲಿ ಆಗಸದ ವರ್ಣವನ್ನು ಉಳಿಸಹೊರಟರೆ ಮುಖಗಳು ಕಪ್ಪಿಡುತ್ತವೆ. ಮುಖಗಳನ್ನು ಕಾಣಿಸಹೊರಟರೆ ಆಗಸ ಬಿಳಿಚಿಕೊಳ್ಳುತ್ತದೆ. ಫ್ಲ್ಯಾಷಿನ ಮಿಂಚಾದರೋ ಸೆಕೆಂಡಿನ ಸುಮಾರು 1000ನೆಯ ಒಂದಂಶದಲ್ಲಿಯೇ ತೀರಿಹೋಗುವುದರಿಂದ, ಷಟರಿನ ವೇಗವನ್ನು 1/200ರ ಆಸುಪಾಸಿನಿಂದ ಕೆಳಗೆ ಎಷ್ಟು ತಗ್ಗಿಸಿದರೂ ಅದರ ಪ್ರಮಾಣ ಬದಲಾಗದು. ಬದಲಾಗುವುದು ಆಗಸದ ಕಾಂತಿ ಮಾತ್ರ. ಎರಡು ಬೆಳಕುಗಳನ್ನು ಹೀಗೆ ಬೇರೆಬೇರೆಯಾಗಿ ತೂಗಿಕೊಳ್ಳುವ ಸ್ವಾತಂತ್ರ್ಯವೇ ಈ ಪದ್ಧತಿಯ ನಿಜವಾದ ಸತ್ತ್ವ.

ಆದರೆ ಸ್ವಾತಂತ್ರ್ಯದ ವಿನಿಯೋಗವನ್ನು ಪರೀಕ್ಷಿಸಬೇಕಾದರೆ ವಧುವಿನ ಸೀರೆಯನ್ನೇ ನೋಡಬೇಕು. ಗದ್ವಾಲದ ಸೀರೆಯ ವೈಶಿಷ್ಟ್ಯವಿರುವುದು ಹತ್ತಿಯ ಒಡಲಿಗೆ ರೇಷ್ಮೆಯ ಅಂಚು-ಸೆರಗುಗಳನ್ನು ಕೂಡಿಸುವ ನೇಕಾರನ ಜಾಣ್ಮೆಯಲ್ಲಿ. ಹತ್ತಿ ಬೆಳಕನ್ನು ಹೀರಿ ಮೃದುವಾಗುತ್ತದೆ, ಜರಿಯೋ ಅದನ್ನು ಕನ್ನಡಿಯಂತೆ ಮರಳಿಸುತ್ತದೆ. ನೇರವಾಗಿ ಮುಖಕ್ಕೆ ಹೊಡೆದ ಫ್ಲ್ಯಾಷಿನಲ್ಲಿ ಜರಿಯಂಚು ಬರಿಯ ಬಿಳಿಯ ಗೆರೆಯಾಗಿ, ಬಾಸಿಂಗವು ಹೊಳೆಯುವ ತಗಡಾಗಿ, ಹತ್ತಿಯೂ ರೇಷ್ಮೆಯೂ ಒಂದೇ ಆಗಿಬಿಡುತ್ತವೆ. ಅದೇ ಬೆಳಕನ್ನು ಬಿಳಿಯ ಛತ್ರಿಯೊಳಗಿಂದ ಹಾಯಿಸಿ, ಓರೆಯಾಗಿ, ಸನಿಹದಿಂದ ಬೀರಿದಾಗ ಎಳೆಗಳ ಏರಿಳಿತ ಕಾಣಿಸಿ, ಅಂಚು ಒಡಲಿಗೆ ಕೂಡಿದ ಎಡೆ ಸಹ ಗೋಚರವಾಗುತ್ತದೆ. ದೂರ ಇಮ್ಮಡಿಯಾದರೆ ಬೆಳಕು ಕಾಲುಭಾಗಕ್ಕಿಳಿಯುವುದರಿಂದ, ಸನಿಹದ ದೀಪವು ಹಿಂದಿನ ಕೋಟೆಗೋಡೆಯನ್ನು ಮುಟ್ಟದೆ ಸಂಜೆಗೇ ಬಿಟ್ಟುಕೊಡುತ್ತದೆಂಬುದು ಇದರ ಇನ್ನೊಂದು ಗುಣ.

ಇಷ್ಟು ಸೂಕ್ಷ್ಮವಾದ ಸಾಧನವನ್ನು ಕೈಯಲ್ಲಿಟ್ಟುಕೊಂಡೂ ಅನೇಕರು ಆಗಸವನ್ನು ಮಸಿಯಾಗುವಷ್ಟು ಕುಗ್ಗಿಸಿ, ದಂಪತಿಗಳನ್ನು ನಾಟಕರಂಗದ ಪಾತ್ರಗಳಂತೆ ಬೆಳಗಿಸುತ್ತಾರೆ. ಆಗ ಜುರಾಲಾ ಆದರೇನು, ಹೈದರಾಬಾದಿನ ಸ್ಟುಡಿಯೋ ಆದರೇನು? ಸೂರ್ಯನಿಳಿದ ಮೇಲೆ ಈ ಸೀಮೆಯಲ್ಲಿ ಸಂಜೆಗೆಂಪು ಉಳಿಯುವುದೇ 20-25 ನಿಮಿಷ. ಗೋಧೂಳಿ ಮುಹೂರ್ತವಿದ್ದ ಮನೆಯಲ್ಲಿ ಪುರೋಹಿತರಿಗೂ ಛಾಯಾಗ್ರಾಹಕರಿಗೂ ಆ ಗಳಿಗೆಗಾಗಿ ಜಗಳವೇ ನಡೆದರೂ ಆಶ್ಚರ್ಯವಿಲ್ಲ. ಅಷ್ಟು ಕಷ್ಟಪಟ್ಟು ಹಿಡಿದ ಸಮಯವನ್ನು ಚಿತ್ರದಲ್ಲಿ ನಡುರಾತ್ರಿಯಾಗಿಸುವುದು ನನಗೆ ಒಪ್ಪಿಗೆಯಾಗದು. ಫ್ಲ್ಯಾಷಿನ ಮುಂದೆ ಕಿತ್ತಳೆಬಣ್ಣದ ತೆಳುಹಾಳೆಯೊಂದನ್ನು ಕಟ್ಟಿದರೆ ಅದರ ಬಿಳುಪು ಸಂಜೆಯ ಬೆಚ್ಚನೆಯ ಬಣ್ಣಕ್ಕೆ ಒಗ್ಗುತ್ತದೆ. ಅಲ್ಪಬೆಲೆಯ ಈ ಹಾಳೆಯನ್ನು ಮರೆತವರು ಮನೆಗೆ ಹೋಗಿ ಕಂಪ್ಯೂಟರಿನಲ್ಲಿ ಆಗಸಕ್ಕೆ ನೇರಳೆ ಬಳಿಯುತ್ತಾರೆ. ನಾರಾಯಣಪೇಟೆಯ ಚೌಕಳಿಯ ಹತ್ತಿಸೀರೆಯುಟ್ಟ ಹೆಣ್ಣುಮಕ್ಕಳ ಚಿತ್ರಗಳಿಗಂತೂ ಇಷ್ಟೊಂದು ಸಂಭ್ರಮವೇ ಬೇಕಿಲ್ಲ: ಫ್ಲ್ಯಾಷಿನ ಬಲವನ್ನು 1/16ಕ್ಕಿಳಿಸಿ, ಉಳಿದುದನ್ನು ಆಗಸಕ್ಕೆ ಬಿಟ್ಟರೆ ಸಾಕು.